ಕಟ್ಟುವವನ ಹೊಣೆ

ಅಧಿಕಾರವೆಂಬುದು ಒಡೆತನವೋ, ಆರೈಕೆಯೋ? ಈ ಪ್ರಶ್ನೆಗೆ ಗಣಕದಾಟವೊಂದು ಉತ್ತರವೀಯುತ್ತದೆ. ಬಾಂಬು ಹಾಕುವ ಆಟವನ್ನು ರಚಿಸುತ್ತಿದ್ದ ಅಮೆರಿಕೆಯ ವಿಲ್ ರೈಟ್ ಅವರಿಗೆ, ಅದರೊಳಗಿನ ದ್ವೀಪಗಳನ್ನು ಕೆಡಹುವುದಕ್ಕಿಂತ ಕಟ್ಟುವುದೇ ಹೆಚ್ಚು ಆನಂದವೆನಿಸಿತು. ಆ ಅನುಭವದ ಫಲವೇ 1989ರ ‘ಸಿಮ್‌ಸಿಟಿ’. ಇಲ್ಲಿ ಆಡುವವನೇ ನಗರಾಧ್ಯಕ್ಷ. ಆದರೂ ಅವನು ಜನರ ಮನೆಗಳನ್ನು ತಾನೇ ಕಟ್ಟಲಾರ. ನೆಲ ಗುರುತಿಸಿ, ರಸ್ತೆ ವಿದ್ಯುತ್ತುಗಳನ್ನೊದಗಿಸಿ ಕಾಯಬೇಕು. ಜನರು ತಾವಾಗಿ ಬರಬೇಕು. ತೆರಿಗೆ ಮಿತಿಮೀರಿದರೆ ಅವರು ಊರು ತೊರೆಯುವರು. ಬೊಕ್ಕಸದಾಸೆಯಿಂದ ದುರಸ್ತಿಯ ಹಣಕ್ಕೆ ಕತ್ತರಿ ಹಾಕಿದರೆ ರಸ್ತೆಗಳೇ ಶಿಥಿಲವಾಗುವುವು.

ಆದರೆ ಆಟದಲ್ಲಿ ಕೆಡಹಿದ ಬೀದಿಗೆ ಕಣ್ಣೀರಿಲ್ಲ. ಕೆಟ್ಟ ನಗರವನ್ನು ತೊರೆದು ಹೊಸತನ್ನು ತೊಡಗಬಹುದು. ನಿಜವಾದ ಊರಿನಲ್ಲಿ ಪ್ರತಿಯೊಂದು ಗೋಡೆಯ ಹಿಂದೆಯೂ ಒಲೆಯೊಂದು ಉರಿಯುತ್ತಿರುತ್ತದೆ. ಅದನ್ನು ಮರೆತ ಆಡಳಿತ ಜಾಣ್ಮೆಯಾದೀತು, ಧರ್ಮವಾಗದು.