ನಂಬಿಗೆ ಯಾರ ಹೊಣೆ?

2022ರ ಜನವರಿಯಲ್ಲಿ ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕಿನಲ್ಲಿ ದಡಾರ-ರುಬೆಲ್ಲಾ ಲಸಿಕೆ ಪಡೆದ ಮೂರು ಕೂಸುಗಳು ಕೆಲವೇ ದಿನಗಳಲ್ಲಿ ತೀರಿಹೋದವು. ಲಸಿಕೆಯ ಸೀಸೆಗಳನ್ನು ಇಟ್ಟುಕೊಂಡ ರೀತಿಯಲ್ಲೇ ತಪ್ಪಾಗಿದೆ ಎಂದು ಮೊದಲ ತನಿಖೆ ಹೇಳಿತು, ಸಿಬ್ಬಂದಿ ಅಮಾನತಾದರು. ಆ ಲಸಿಕೆ ದೇಶದ ಕೋಟಿಗಟ್ಟಲೆ ಮಕ್ಕಳನ್ನು ಕಾಪಾಡಿದೆ, ನಿಜ. ಆದರೆ ಪಕ್ಕದ ಊರಿನ ತಾಯಿಗೆ ಆ ಲೆಕ್ಕ ಸಾಲದು. ಸೀಸೆ ಎಷ್ಟು ತಂಪಿನಲ್ಲಿತ್ತು, ಯಾವಾಗ ತೆರೆದರು ಎಂದು ಆಕೆ ಪರೀಕ್ಷಿಸಲಾರಳು. ತನಗೆ ತಿಳಿಯದ್ದನ್ನು ಬಲ್ಲವರಿಗೆ ಬಿಟ್ಟು ಕೂಸಿನ ತೋಳು ಒಡ್ಡುತ್ತಾಳೆ. ತತ್ತ್ವಶಾಸ್ತ್ರ ಚರ್ಚಿಸುವ ನಂಬಿಗೆ ಇದೇ: ನಮ್ಮ ಅರಿವು ಮುಗಿದ ಕಡೆ ನಮ್ಮ ಹಿತವನ್ನು ಇನ್ನೊಬ್ಬರ ಕೈಗೆ ಒಪ್ಪಿಸುವುದು.

ಈ ಒಪ್ಪಿಸುವಿಕೆಗೆ ಹೊಣೆ ಯಾರು? ರಾಜ್ಯಕ್ಕೆ ಏನೇನು ಬೇಕು ಎಂದು ಕನ್‌ಫ್ಯೂಶಿಯಸ್‌ನನ್ನು ಶಿಷ್ಯನೊಬ್ಬ ಕೇಳಿದ ಪ್ರಸಂಗವಿದೆ. ಧಾನ್ಯ, ಸೈನ್ಯ, ಪ್ರಜೆಗಳ ನಂಬಿಗೆ ಎಂದ ಗುರು, ಬಿಡಲೇಬೇಕಾದರೆ ಮೊದಲು ಸೈನ್ಯವನ್ನು, ಆಮೇಲೆ ಧಾನ್ಯವನ್ನು ಬಿಡಬೇಕೆಂದ. ನಂಬಿಗೆಯನ್ನು ಕೊನೆಗೂ ಉಳಿಸಿಕೊಂಡ. ಅದಕ್ಕೆ ಚೀನೀಯರು ಬಳಸುವ ‘ಶಿನ್’ ಎಂಬ ಅಕ್ಷರದಲ್ಲಿ ಮನುಷ್ಯ ಮತ್ತು ಮಾತು ಅಕ್ಕಪಕ್ಕ ನಿಂತಿವೆ. ಆಡಿದ ಮಾತಿಗೆ ನಿಲ್ಲುವುದು ಆಳುವವನ ಕರ್ತವ್ಯ ಎಂಬುದು ಅಲ್ಲಿಯ ನಿಲುವು. ಪಶ್ಚಿಮದ ಚಿಂತನೆ ವ್ಯಕ್ತಿಯಿಂದ ಹೊರಟಿತು. ಇತರರಿಗೆ ಹಾನಿಯಾಗುವುದನ್ನು ತಡೆಯಲು ಮಾತ್ರ ಒಬ್ಬನನ್ನು ಬಲವಂತಪಡಿಸಬಹುದು ಎಂದು ಜಾನ್ ಸ್ಟುವರ್ಟ್ ಮಿಲ್ 1859ರಲ್ಲಿ ವಾದಿಸಿದ. ಅಂಥ ಬಲವಂತಕ್ಕೆ ಲಸಿಕೆಯೇ ಉದಾಹರಣೆ: ಇಂಗ್ಲೆಂಡ್ 1853ರಲ್ಲಿ ಸಿಡುಬಿನ ಲಸಿಕೆಯನ್ನು ಕಡ್ಡಾಯ ಮಾಡಿ, ದಶಕಗಳ ಪ್ರತಿಭಟನೆಯ ನಂತರ 1898ರಲ್ಲಿ ಮನಸ್ಸೊಪ್ಪದ ತಂದೆತಾಯಿಗಳಿಗೆ ವಿನಾಯಿತಿ ಕೊಟ್ಟಿತು. ಮಿಲ್‌ನ ಸೂತ್ರ ಬಲವಂತದ ಎಲ್ಲೆಯನ್ನು ತೋರಿಸುತ್ತದೆ. ಜನ ಯಾಕೆ ನಂಬಬೇಕು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಆ ಕೊರತೆಯನ್ನು ತುಂಬಿದವರು ಬ್ರಿಟನ್ನಿನ ತತ್ತ್ವಚಿಂತಕಿ ಒನೋರಾ ಒನೀಲ್. 2002ರ ಉಪನ್ಯಾಸಗಳಲ್ಲಿ ಅವರು, ಜನರ ನಂಬಿಗೆ ಹೆಚ್ಚಿಸುವುದು ಹೇಗೆಂದು ಕೇಳುವ ಮೊದಲು ನಾವು ನಂಬಿಗೆಗೆ ಅರ್ಹರೇ ಎಂದು ಸಂಸ್ಥೆಗಳು ಕೇಳಿಕೊಳ್ಳಲಿ ಎಂದರು. ಬೇರೆಬೇರೆ ದಾರಿಯಿಂದ ಬಂದ ಎರಡೂ ಚಿಂತನೆಗಳು ಇಲ್ಲಿ ಕೂಡುತ್ತವೆ.

ಚೀನಾ 2020ರ ಜನವರಿ 23ರಂದು ವುಹಾನ್ ನಗರವನ್ನೇ ಮುಚ್ಚಿ ಕೋವಿಡ್ ಸೋಂಕು ಹತೋಟಿಗೆ ತಂದಿತಲ್ಲ, ನಂಬಿಗೆ ಯಾಕೆ, ವಿಧೇಯತೆಯೇ ಸಾಲದೇ ಎಂದು ಕೇಳಬಹುದು. ಅದೇ ತಿಂಗಳ ಆರಂಭದಲ್ಲಿ, ಈ ಸೋಂಕಿನ ಬಗ್ಗೆ ಸಹೋದ್ಯೋಗಿಗಳನ್ನು ಎಚ್ಚರಿಸಿದ್ದ ವೈದ್ಯ ಲೀ ವೆನ್‌ಲಿಯಾಂಗ್ ಅವರಿಂದ ಪೊಲೀಸರು ಛೀಮಾರಿ ಪತ್ರಕ್ಕೆ ಸಹಿ ಹಾಕಿಸಿಕೊಂಡಿದ್ದರು. ಫೆಬ್ರುವರಿ 7ರಂದು ಅವರು ಅದೇ ರೋಗಕ್ಕೆ ಬಲಿಯಾದರು. ಕೆಳಗಿನವರ ಬಾಯಿ ಕಟ್ಟಿದ ಆಡಳಿತಕ್ಕೆ ನಿಜ ತಡವಾಗಿ ತಿಳಿಯುತ್ತದೆ. ಕನ್‌ಫ್ಯೂಶಿಯಸ್‌ನ ಅಳತೆಗೋಲಿನಲ್ಲೇ ಅದು ಸೋಲು. ಹಾಗೆಂದು ಬರಿಯ ವಾಕ್ ಸ್ವಾತಂತ್ರ್ಯದಿಂದಲೂ ನಂಬಿಗೆ ಹುಟ್ಟದು. ಮಾಸ್ಕ್ ವಿಷಯಕ್ಕೆ ಅಮೆರಿಕ ಇಬ್ಭಾಗವಾದದ್ದನ್ನು ನೋಡಿದ್ದೇವೆ.

ನಮ್ಮ ನಾಡಿನಲ್ಲಿ ಬಲವಂತದ ಪಾಠವೂ ಇದೆ, ನಂಬಿಗೆಯ ಪಾಠವೂ ಇದೆ. 1897ರಲ್ಲಿ ಪ್ಲೇಗ್ ತಡೆಯಲು ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. ಪುಣೆಯಲ್ಲಿ ಸೈನಿಕರು ಮನೆ ಹೊಕ್ಕು ಶೋಧಿಸಿದ್ದಕ್ಕೆ ಎದ್ದ ಸಿಟ್ಟು ಅಧಿಕಾರಿ ರ‍್ಯಾಂಡ್‌ನ ಕೊಲೆಯಲ್ಲಿ ಮುಗಿಯಿತು. 2020ರಲ್ಲಿ ಅದೇ ಕಾಯ್ದೆ ಮತ್ತೆ ಜಾರಿಯಾದಾಗ, ಲಕ್ಷಾಂತರ ಭಕ್ತರು ಸೇರುವ ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ತಿಂಗಳುಗಟ್ಟಲೆ ದರ್ಶನ ನಿಂತಿತು. ಈ ಸಲ ಮನೆ ಬಾಗಿಲಿಗೆ ಬಂದವರು ಸೈನಿಕರಲ್ಲ, ಅದೇ ಊರಿನ ಆಶಾ ಕಾರ್ಯಕರ್ತೆಯರು. ಹೆಸರು ಹಿಡಿದು ಕೇಳಬಹುದಾದವರನ್ನು ಜನ ನಂಬುತ್ತಾರೆ. ಆ ಕಾರ್ಯಕರ್ತೆಯರೇ 2020ರ ಜುಲೈನಲ್ಲಿ ತಿಂಗಳಿಗೆ 12,000 ರೂಪಾಯಿ ಗೌರವಧನ ಕೇಳಿ ಮುಷ್ಕರ ಹೂಡಬೇಕಾಯಿತು ಎಂಬುದು ನಾವೆಲ್ಲ ತಲೆ ತಗ್ಗಿಸಬೇಕಾದ ಸಂಗತಿ.

ತಪ್ಪನ್ನು ಬಹಿರಂಗವಾಗಿ ಹೇಳಿದರೆ ಜನ ಹೆದರಿ ಲಸಿಕೆಗೇ ಬರುವುದಿಲ್ಲ ಎಂಬ ಆಕ್ಷೇಪ ಹಗುರವಾದದ್ದಲ್ಲ. ಆದರೆ ಕೂಸು ಸತ್ತ ಸುದ್ದಿ ಸಂಜೆಯೊಳಗೆ ಹತ್ತೂರು ಮುಟ್ಟಿರುತ್ತದೆ. ಸರ್ಕಾರ ಸುಮ್ಮನಿದ್ದರೆ ಕಾರಣವನ್ನು ಗಾಳಿಮಾತು ಹೇಳುತ್ತದೆ. ಇಂಥ ಪ್ರತಿ ಸಾವಿನ ತನಿಖಾ ವರದಿಯನ್ನು ಆ ಊರಿನ ಗ್ರಾಮಸಭೆಯಲ್ಲಿ, ತಾಯಂದಿರ ಎದುರು, ಅವರಿಗೆ ತಿಳಿಯುವ ಕನ್ನಡದಲ್ಲಿ ಓದಿ ಹೇಳುವುದನ್ನು ಆರೋಗ್ಯ ಇಲಾಖೆ ಕಡ್ಡಾಯ ಮಾಡಲಿ.