ಪ್ರತಿನಿಧಿ ವಿಚಾರ

ಹಳೆಯ ದೂರದರ್ಶನ ಕಥಾಮಾಲಿಕೆಯೊಂದನ್ನು ಹಲವು ವರ್ಷಗಳ ತರುವಾಯ ಚಲಚ್ಚಿತ್ರವಾಗಿ ಮರಳಿ ರಚಿಸಹೊರಟವರಿಗೆ ಒದಗುವ ತೊಡಕುಗಳಲ್ಲಿ ನಾಯಕನ ಮೋಟಾರು ಬಂಡಿಯದೂ ಒಂದು. ನಟನಿಗೆ ವಯಸ್ಸಾಗುವುದನ್ನು ಜನರು ಬಲ್ಲರು. ಅವನ ಸ್ಥಾನಕ್ಕೆ ಬೇರೊಬ್ಬನು ಬಂದರೆ ಹೇಗೋ ಒಪ್ಪಿಕೊಳ್ಳುವರು. ಬಂಡಿಯ ವಿಷಯದಲ್ಲಿ ಹಾಗಿಲ್ಲ. ಹಳೆಯದನ್ನೇ ತಂದರೆ ಅದು ಈಗಿನ ಕಾಲದ ಕಥೆಯಲ್ಲಿ ವಸ್ತುಸಂಗ್ರಹಾಲಯದಿಂದ ಇಳಿದುಬಂದಂತೆ ತೋರುವುದು. ಹೊಸದನ್ನು ತಂದರೆ ಇದು ಅದಲ್ಲವೆಂದು ಪ್ರೇಕ್ಷಕರು ಮುನಿಯುವರು. ಇಂತಹ ಅಲ್ಪವಿಷಯಕ್ಕೆ ಈ ಪತ್ರಿಕೆಯ ಪುಟಗಳನ್ನು ವ್ಯಯಿಸಬೇಕೆ ಎಂದು ವಾಚಕಮಹಾಶಯರು ಕೇಳಬಹುದು. ಒಂದರ ಸ್ಥಾನದಲ್ಲಿ ಮತ್ತೊಂದನ್ನು ನಿಲ್ಲಿಸುವಾಗ ನಾವು ಯಾವುದಕ್ಕೆ ನಿಷ್ಠರಾಗಿರಬೇಕು ಎಂಬುದೇ ಇಲ್ಲಿಯ ಪ್ರಶ್ನೆ. ಜೈಮಿನಿಯ ಸೂತ್ರಗಳ ಆರನೆಯ ಅಧ್ಯಾಯದಲ್ಲಿ ಇದೇ ಪ್ರಶ್ನೆಯು ಯಜ್ಞದ್ರವ್ಯವನ್ನು ಕುರಿತು ಎದ್ದಿರುವುದು. ಅಲ್ಲಿ ಅದನ್ನು ಯಾರೂ ಅಲ್ಪವೆಂದು ಎಣಿಸಲಿಲ್ಲ.

ವಿಚಾರಕ್ಕೆ ಆಧಾರವಾಗಿ ಇಂಗ್ಲೆಂಡಿನ 'ಸೇಂಟ್' ಕಥೆಗಳನ್ನು ತೆಗೆದುಕೊಳ್ಳೋಣ. ಲೆಸ್ಲಿ ಚಾರ್ಟರಿಸ್ ಎಂಬ ಗ್ರಂಥಕರ್ತರು 1928ರಲ್ಲಿ ಆರಂಭಿಸಿದ ಈ ಕಥೆಗಳ ನಾಯಕನು ಸೈಮನ್ ಟೆಂಪ್ಲರ್. ಹೆಸರಿನಿಂದ ಸಂತ, ನಡತೆಯಿಂದ ದುಷ್ಟರನ್ನು ದೋಚುವ ಸಾಹಸಿ. ಗ್ರಂಥಗಳಲ್ಲಿ ಅವನು ಏರುವ ಬಂಡಿಗೆ ಹಿರೊಂಡೆಲ್ ಎಂದು ಹೆಸರು. ಅಂತಹ ಬಂಡಿಯನ್ನು ಯಾವ ಕಾರ್ಖಾನೆಯವರೂ ಮಾಡಿದುದಿಲ್ಲ. ಅದು ಕೇವಲ ಕವಿಕಲ್ಪಿತ. 1962ರಲ್ಲಿ ರೋಜರ್ ಮೂರ್ ಎಂಬ ನಟರನ್ನು ನಾಯಕನನ್ನಾಗಿ ಮಾಡಿ ದೂರದರ್ಶನ ಮಾಲಿಕೆಯನ್ನು ತೊಡಗಿದಾಗ, ನಿರ್ಮಾಪಕರು ಬಂಡಿಗಾಗಿ ಜಾಗ್ವಾರ್ ಕಂಪೆನಿಯನ್ನು ಕೇಳಿದರು. ಆ ಕಂಪೆನಿಯು ಒಪ್ಪಲಿಲ್ಲ. ಆಗ ದೊರೆತುದು ಸ್ವೀಡನ್ ದೇಶದ ವೋಲ್ವೋ ಕಂಪೆನಿಯ ಪಿ 1800 ಎಂಬ ಬಿಳಿಯ ಬಂಡಿ. ಮಾಲಿಕೆಯು 1969ರವರೆಗೆ ನಡೆಯಿತು. 'ಎಸ್‌ಟಿ 1' ಎಂಬ ಫಲಕ ಹೊತ್ತ ಆ ವೋಲ್ವೋಗೂ ಸಂತನಿಗೂ ಜನರ ಮನಸ್ಸಿನಲ್ಲಿ ಬಿಡಿಸಲಾಗದ ಗಂಟು ಬಿದ್ದಿತು. 1978ರಲ್ಲಿ ಇಯಾನ್ ಓಗಿಲ್ವಿಯವರು ನಾಯಕರಾಗಿ ಮಾಲಿಕೆಯು ಮತ್ತೆ ಬಂದಾಗ ಬಂಡಿಯು ಜಾಗ್ವಾರ್ ಎಕ್ಸ್‌ಜೆ-ಎಸ್ ಆಯಿತು. ಮೊದಲು ನಿರಾಕರಿಸಿದವರ ಮನೆಯಿಂದಲೇ ಈ ಸಲ ವಾಹನ ಬಂದಿತು! ಕಡೆಗೆ 1997ರಲ್ಲಿ ಫಿಲಿಪ್ ನಾಯ್ಸ್ ಅವರು ನಿರ್ದೇಶಿಸಿದ ಚಲಚ್ಚಿತ್ರದಲ್ಲಿ ವ್ಯಾಲ್ ಕಿಲ್ಮರ್ ಅವರು ಸಂತನಾದಾಗ ಮತ್ತೆ ವೋಲ್ವೋ. ಆದರೆ ಆಗತಾನೆ ಪೇಟೆಗೆ ಬರುತ್ತಿದ್ದ ಸಿ 70.

ಈಗ ಶಾಸ್ತ್ರದ ಮಾತು. ಯಜ್ಞಕ್ಕೆ ವ್ರೀಹಿಯೆಂದರೆ ಭತ್ತವು ವಿಹಿತ. ಅದು ದೊರೆಯದಿದ್ದರೆ ಕರ್ಮವನ್ನು ಬಿಡಬೇಕೆ? ಬೇಡ, ನೀವಾರವನ್ನು, ಎಂದರೆ ಕಾಡುಭತ್ತವನ್ನು, ತರಬಹುದು. ಏಕೆಂದರೆ ಭತ್ತದ ಅವಯವಗಳು ಬಹುಮಟ್ಟಿಗೆ ಅದರಲ್ಲಿ ಉಂಟು. ಇದೇ ಪ್ರತಿನಿಧಿ. ಮಂತ್ರವನ್ನು ಮಾತ್ರ ಬದಲಾಯಿಸುವಂತಿಲ್ಲ. ಕೈಯಲ್ಲಿ ನೀವಾರವಿದ್ದರೂ ಬಾಯಿ ವ್ರೀಹಿಯೆಂದೇ ಹೇಳಬೇಕು. 1978ರ ಜಾಗ್ವಾರಿಗೂ ಹಳೆಯ 'ಎಸ್‌ಟಿ 1' ಫಲಕವನ್ನೇ ತೊಡಿಸಿದವರು ಮೀಮಾಂಸೆಯನ್ನು ಓದಿರಲಾರರು. ಆದರೂ ನ್ಯಾಯವನ್ನು ಪಾಲಿಸಿದರು. ಇನ್ನು, ಆ ನೀವಾರವೂ ಕೆಟ್ಟುಹೋದರೆ ಮುಂದೆ ಹುಡುಕಬೇಕಾದುದು ನೀವಾರದಂತಿರುವುದನ್ನೇ, ವ್ರೀಹಿಯಂತಿರುವುದನ್ನೇ? ವ್ರೀಹಿಯಂತಿರುವುದನ್ನೇ ಎಂದು ನಿರ್ಣಯ. ಪ್ರತಿನಿಧಿಯ ಪ್ರತಿನಿಧಿಗೆ ಹೋಲಿಕೆಯ ಅಳತೆಗೋಲು ಮುಖ್ಯವೇ ಹೊರತು ನಡುವೆ ಬಂದುದಲ್ಲ. ನಕಲಿನ ನಕಲು ಮೂಲದಿಂದ ಎಷ್ಟು ದೂರ ಸರಿಯುವುದೆಂಬುದನ್ನು ಹಸ್ತಪ್ರತಿಗಳೊಡನೆ ಹೆಣಗಿದವರೆಲ್ಲರೂ ಬಲ್ಲರು.

ಈ ನಿರ್ಣಯವನ್ನು ಸಂತನ ಬಂಡಿಗೆ ಅನ್ವಯಿಸಿದರೆ, ಪಿ 1800 ಸ್ವತಃ ಪ್ರತಿನಿಧಿಯಷ್ಟೆ. ಅದನ್ನು ನೋಡಿ ಸಿ 70ನ್ನು ಆರಿಸಿದುದು ಅಶಾಸ್ತ್ರೀಯ. ಹಿರೊಂಡೆಲಿಗೆ ಹತ್ತಿರವಾದುದನ್ನು ಹುಡುಕಬೇಕಾಗಿತ್ತು ಎಂದು ಪೂರ್ವಪಕ್ಷವಾಗುವುದು. ಹಿರೊಂಡೆಲ್ ಎಂಬ ಹೆಸರಿಗೆ ಮೂಲವಾದ ಫ್ರೆಂಚ್ ಶಬ್ದಕ್ಕೆ ಅಂಬರಗುಬ್ಬಿಯೆಂದು ಅರ್ಥ. ಜಾಗ್ವಾರ್ ಕಂಪೆನಿಯು 1922ರಲ್ಲಿ ಹುಟ್ಟಿದಾಗ ಅದರ ಹೆಸರೂ ಆ ಹಕ್ಕಿಯ ಇಂಗ್ಲಿಷ್ ಹೆಸರಾದ ಸ್ವಾಲೋ ಎಂಬುದೇ ಆಗಿತ್ತು. ಇದು ಕಾಕತಾಳೀಯವಾದರೂ ಪೂರ್ವಪಕ್ಷಿಗೆ ಸಂತೋಷವನ್ನುಂಟುಮಾಡಬಹುದು.

ನಾನು ಈ ಪಕ್ಷವನ್ನು ಒಪ್ಪುವುದಿಲ್ಲ. ಯೋಗಾರ್ಥಕ್ಕಿಂತ ರೂಢಿಯು ಬಲವತ್ತರವೆಂಬುದು ಶಾಬ್ದಿಕರೆಲ್ಲರಿಗೂ ಸಮ್ಮತ. ಏಳು ವರ್ಷಗಳ ರೂಢಿಯಿಂದ ಪಿ 1800 ಪ್ರೇಕ್ಷಕರ ಪಾಲಿಗೆ ಮುಖ್ಯವೇ ಆಗಿಹೋಯಿತು. ಆಕಸ್ಮಿಕವಾಗಿ ಬಂದುದು ಬಹುಜನರ ಪ್ರೀತಿಯಿಂದ ಮುಖ್ಯಪದವಿಗೆ ಏರುವುದುಂಟು. ಆದುದರಿಂದ ಅಂದಿನ ನಿರ್ಮಾಪಕರು ಹೇಗೆ ಆಯ್ದರೆಂಬ ಚರಿತ್ರೆಯು ಇಂದಿನವರ ಹೊಣೆಯನ್ನು ಹಗುರಮಾಡಲಾರದು.

ಹಾಗಾದರೆ ಪಿ 1800ರ ಅವಯವಗಳು ಯಾವುವು? ಇಲ್ಲಿಯೇ ಎಡವುವವರು ಬಹುಮಂದಿ. ಮೂತಿಯ ಮೇಲಣ ಮುದ್ರೆಯೇ ಅವಯವವೆಂದು ಭಾವಿಸಿ, ವೋಲ್ವೋಗೆ ವೋಲ್ವೋ ಸರಿಯಾಯಿತೆಂದು ಕೈತೊಳೆದುಕೊಳ್ಳುವರು. ಅದೇ ಕಂಪೆನಿಯು ಆಗ ಭಾರದ ಲಾರಿಗಳನ್ನೂ ಮಾಡುತ್ತಿತ್ತು. ಸಂತನನ್ನು ಲಾರಿಯಲ್ಲಿ ಕೂರಿಸಬಹುದೆ? 1961ರ ಜಾಗ್ವಾರ್ ಇ-ಟೈಪಿಗೆ 265 ಅಶ್ವಶಕ್ತಿಯೆಂದು ಕಂಪೆನಿಯು ಸಾರಿತ್ತು; ಪಿ 1800ಕ್ಕೆ ಇದ್ದುದು ಸುಮಾರು 100. ವೇಗವು ಅದರ ಹಿರಿಮೆಯಲ್ಲ. ಎರಡೇ ಬಾಗಿಲು, ತಗ್ಗಾದ ಮೈ, ಬೀದಿಯಲ್ಲಿ ಮತ್ತೊಂದು ಕಾಣಸಿಗದ ಅಪೂರ್ವತೆ. ಸಿರಿವಂತಿಕೆ ಇದ್ದರೂ ಅದನ್ನು ಕೂಗಿ ಹೇಳದ ಸಂಯಮ. ಹುಬ್ಬೇರಿಸಿ ಮಾತಾಡುವ ಮೂರ್ ಅವರ ಸಂತನಿಗೆ ಇದು ಒಪ್ಪಿದುದು ಇದರಿಂದಲೇ. ಈ ದೃಷ್ಟಿಯಿಂದ ನೋಡಿದರೆ ಸಿ 70 ತೀರ ಅಯೋಗ್ಯವಾದ ಪ್ರತಿನಿಧಿಯೇನೂ ಅಲ್ಲ. ಪೆಟ್ಟಿಗೆಯಂತಹ ಬಂಡಿಗಳಿಗೆ ಹೆಸರಾಗಿದ್ದ ಕಂಪೆನಿಯಿಂದ ಹೊರಬಂದ ಎರಡು ಬಾಗಿಲಿನ, ದುಂಡುಮೈಯ ಬಂಡಿ ಅದು.

ಆದರೆ ದ್ರವ್ಯವು ನಿರ್ದುಷ್ಟವಾದರೆ ಸಾಲದು. ದ್ರವ್ಯವು ಕರ್ಮಕ್ಕೆ ಅಂಗವೇ ಹೊರತು ಕರ್ಮವು ದ್ರವ್ಯಕ್ಕೆ ಅಂಗವಲ್ಲ. ಮಾರಬೇಕಾದ ಬಂಡಿಯೊಂದಿದೆ, ಅದಕ್ಕೊಂದು ಕಥೆಯನ್ನು ಹೊಂದಿಸೋಣವೆಂಬಲ್ಲಿ ಪ್ರತಿನಿಧಿಯ ಮಾತೇ ಏಳದು. ಅಲ್ಲಿ ನಡೆಯುವುದು ವ್ಯಾಪಾರ. ವ್ಯಾಪಾರವು ಪಾಪವಲ್ಲ. ಅದನ್ನು ಸ್ಮರಣೆಯೆಂದು ಕರೆದು, ಹಳೆಯ ಪ್ರೀತಿಯನ್ನು ಬಂಡವಾಳ ಮಾಡಿಕೊಳ್ಳುವುದರಲ್ಲಿ ಅನೃತವಿದೆ. ಧರ್ಮಶಾಸ್ತ್ರಜ್ಞರು ಇನ್ನೊಂದು ಕಟ್ಟನ್ನೂ ಹೇಳಿರುವರು: ನಿತ್ಯಕರ್ಮವನ್ನು ಪ್ರತಿನಿಧಿಯಿಂದಲಾದರೂ ನಡೆಸಬೇಕು, ಕಾಮ್ಯಕರ್ಮವನ್ನು ಪ್ರತಿನಿಧಿಯಿಂದ ತೊಡಗಲೇ ಕೂಡದು. ಹಳೆಯ ಕಥೆಯನ್ನು ಮರಳಿ ಚಿತ್ರಿಸುವುದು ಯಾರಿಗೂ ನಿತ್ಯಕರ್ಮವಲ್ಲವಷ್ಟೆ. 2004ರಲ್ಲಿ 'ಸ್ಟಾರ್ಸ್ಕಿ ಮತ್ತು ಹಚ್' ಎಂಬ ಅಮೆರಿಕದ ಮಾಲಿಕೆಯನ್ನು ಚಿತ್ರ ಮಾಡಿದವರು ಈ ಬಿಕ್ಕಟ್ಟನ್ನು ಜಾಣತನದಿಂದ ದಾಟಿದರು. ಕಥೆಯನ್ನೇ 1970ರ ದಶಕದಲ್ಲಿ ನಿಲ್ಲಿಸಿ, ಬಿಳಿಯ ಪಟ್ಟೆಯ ಕೆಂಪು ಫೋರ್ಡ್ ಗ್ರ್ಯಾನ್ ಟೊರಿನೋವನ್ನೇ ಇಟ್ಟುಕೊಂಡರು.

ಪ್ರತಿನಿಧಿಯೇ ಇಲ್ಲದ ಸ್ಥಾನಗಳೂ ಉಂಟು. ದೇವತೆಗೆ ಪ್ರತಿನಿಧಿಯಿಲ್ಲ, ಮಂತ್ರಕ್ಕಿಲ್ಲ, ಯಜಮಾನನಿಗೂ ಇಲ್ಲ. 1982ರಿಂದ 1986ರವರೆಗೆ ನಡೆದ 'ನೈಟ್ ರೈಡರ್' ಮಾಲಿಕೆಯಲ್ಲಿ ಕಿಟ್ ಎಂಬ ಕಪ್ಪು ಪಾಂಟಿಯಾಕ್ ಬಂಡಿಯು ಮಾತನಾಡುವುದು, ಹಾಸ್ಯಮಾಡುವುದು, ನಾಯಕನಿಗೆ ಬುದ್ಧಿ ಹೇಳುವುದು. ಅಲ್ಲಿ ಬಂಡಿಯು ದ್ರವ್ಯವಲ್ಲ, ದೇವತೆ. 2008ರಲ್ಲಿ ಆ ಕಥೆಯನ್ನು ಮರಳಿ ತಂದವರು ಫೋರ್ಡ್ ಮಸ್ಟಾಂಗನ್ನು ಕಿಟ್ ಎಂದು ಕರೆದರು. ಅದರ ಕಂಠಕ್ಕೆ ಮೊದಲು ಗೊತ್ತಾಗಿದ್ದ ವಿಲ್ ಆರ್ನೆಟ್ ಎಂಬ ನಟರು ಜನರಲ್ ಮೋಟರ್ಸ್ ಕಂಪೆನಿಯ ಜಾಹೀರಾತುಗಳಿಗೂ ಕಂಠವಾಗಿದ್ದುದರಿಂದ, ಫೋರ್ಡ್ ಬಂಡಿಯ ಪರವಾಗಿ ಮಾತನಾಡಲಾಗದೆ ಹಿಂದೆ ಸರಿಯಬೇಕಾಯಿತು. ದೇವತೆಯ ವಾಣಿಯನ್ನು ವರ್ತಕರ ಕರಾರುಪತ್ರವು ನಿರ್ಣಯಿಸಿದುದು ಹೀಗೆ. ಆ ಸ್ಥಾನಕ್ಕೆ ಬಂದವರು ವ್ಯಾಲ್ ಕಿಲ್ಮರ್. 1997ರಲ್ಲಿ ಸಿ 70ನ್ನು ನಡೆಸಿದ ಅದೇ ನಟರು.

ಆ ಚಿತ್ರದ ಕೊನೆಯಲ್ಲಿ ಕಿಲ್ಮರ್ ಅವರು ಬಂಡಿಯಲ್ಲಿ ಹೋಗುತ್ತಿರುವಾಗ ರೇಡಿಯೋದಿಂದ ವಾರ್ತೆಯೊಂದು ಕೇಳಿಬರುವುದು. ಓದುವ ಕಂಠವು ರೋಜರ್ ಮೂರ್ ಅವರದು. ನಟನನ್ನೂ ಬಂಡಿಯನ್ನೂ ಬದಲಾಯಿಸಿದವರು ಹಳೆಯ ಯಜಮಾನನ ದನಿಯೊಂದನ್ನು ಹೊಸ ಬಂಡಿಯೊಳಗೆ ಇಡದೆ ಇರಲಾರದೆ ಹೋದರು; ಇಡೀ ಚಿತ್ರದಲ್ಲಿ ನನಗೆ ಪ್ರಾಮಾಣಿಕವೆಂದು ತೋರಿದುದು ಆ ಕೆಲವು ಕ್ಷಣಗಳೇ.