ಸಾಕು ಎಂಬ ಎರಡರ್ಥದ ಮಾತು

ನಮ್ಮ ಕನ್ನಡದಲ್ಲಿ ‘ಸಾಕು’ ಎನ್ನುವ ಮಾತಿಗೆ ಎರಡು ಅರ್ಥ. ಎಲೆಯ ಮೇಲೆ ಕೈ ಅಡ್ಡ ಹಿಡಿದು ನೆಂಟರು ಹೇಳುವ ‘ಸಾಕು’ ಒಂದು. ಹಸು ಸಾಕಿದೆವು, ಮಕ್ಕಳನ್ನು ಸಾಕಿ ಸಲಹಿದೆವು ಎನ್ನುವಾಗಿನ ‘ಸಾಕು’ ಇನ್ನೊಂದು. ನಾನಾರ್ಥಗಳ ಪಾಠ ಮಾಡುವಾಗ ಪ್ರತಿ ವರ್ಷವೂ ಈ ಉದಾಹರಣೆ ಕೊಡುತ್ತೇನೆ. ಯಾರಾದರೊಬ್ಬ ಹುಡುಗಿ ಎದ್ದು ನಿಂತು, “ಮಿಸ್, ಎರಡಕ್ಕೂ ಸಂಬಂಧ ಇದೆಯಾ?” ಎಂದು ಕೇಳುವುದೂ ಉಂಟು. ಸಂದರ್ಭ ನೋಡಿ ಅರ್ಥ ಮಾಡಿಕೋ ಎಂದು ಹೇಳಿ ಮುಂದಿನ ಪದಕ್ಕೆ ಹೋಗುತ್ತಿದ್ದೆ. ಈಚೆಗೆ ಅದೇ ಪ್ರಶ್ನೆ ನನ್ನ ಹಿಂದೆ ಬಿದ್ದಿದೆ. ಒಂದು ಜೀವವನ್ನು ಸಾಕುತ್ತೇವೆ ಎಂದವರು ಅದಕ್ಕೆ ಎಷ್ಟು ಕೊಟ್ಟರೆ ಸಾಕು? ಸಾಕೆಂದು ಹೇಳಬೇಕಾದವರು ಯಾರು?

ಈ ಯೋಚನೆಗೆ ಕಾರಣ ಹಾಸನದಲ್ಲಿರುವ ನನ್ನ ತಂಗಿಯ ಮನೆಯ ಒಂದು ಆಮೆ. ಎರಡು ವರ್ಷದ ಹಿಂದೆ ಅವಳ ಮಗನ ಹುಟ್ಟುಹಬ್ಬಕ್ಕೆಂದು ಅಕ್ವೇರಿಯಂ ಅಂಗಡಿಯಿಂದ ಎರಡು ಮರಿ ತಂದರು. ಹಳೆಯ ಒಂದು ರೂಪಾಯಿ ನಾಣ್ಯದಷ್ಟಗಲ, ಹಸಿರು ಚಿಪ್ಪು, ಕಣ್ಣಿನ ಹಿಂದೆ ಕುಂಕುಮ ಎಳೆದಂತೆ ಕೆಂಪು ಪಟ್ಟೆ. ಜೊತೆಗೆ ಊಟದ ತಟ್ಟೆಯಷ್ಟು ಅಗಲದ ಒಂದು ಪ್ಲಾಸ್ಟಿಕ್ ಬೋಗುಣಿ, ಅದರ ನಡುವೆ ಪ್ಲಾಸ್ಟಿಕ್ಕಿನದೇ ತೆಂಗಿನಮರ. “ಇಷ್ಟೇ ಇರುತ್ತವೆ, ದೊಡ್ಡದಾಗುವುದಿಲ್ಲ, ತೊಟ್ಟಿ ಎಷ್ಟಿದೆಯೋ ಅಷ್ಟಕ್ಕೇ ಬೆಳೆಯುತ್ತವೆ” ಎಂದು ಅಂಗಡಿಯವನು ಹೇಳಿ ಕಳಿಸಿದ್ದ. ಹದಿನೈದು ದಿನಕ್ಕೆ ಒಂದು ಸತ್ತಿತು. ಉಳಿದದ್ದು ಬೆಳೆಯಿತು. ಈಗ ಅದರ ಚಿಪ್ಪು ನಾಲ್ಕು ಇಂಚು. ಬೋಗುಣಿಯಿಂದ ಅನ್ನ ಬಸಿಯುವ ಹಳೆಯ ಪಾತ್ರೆಗೆ, ಅಲ್ಲಿಂದ ಬಟ್ಟೆ ನೆನೆಹಾಕುವ ಟಬ್ಬಿಗೆ ಬಂದು ಕುಳಿತಿದೆ.

ಬೇಸಿಗೆ ರಜೆಯಲ್ಲಿ ಹೋದಾಗ ತಂಗಿ ಕೇಳಿದಳು: “ಅಕ್ಕ, ಇದಕ್ಕೆ ಎಂಥ ತೊಟ್ಟಿ ತಂದರೆ ಸರಿಹೋಗತ್ತೆ? ನೀನು ಪುಸ್ತಕ ಓದುವವಳು, ನೋಡಿ ಹೇಳು.” ಓದಿದೆ. ವಿಜ್ಞಾನದ ಸಹೋದ್ಯೋಗಿಯನ್ನೂ ಕೇಳಿದೆ. ತಿಳಿದದ್ದನ್ನು ಇಲ್ಲಿ ಬರೆಯುತ್ತೇನೆ. ಇಂಥ ಟಬ್ಬು ಓದುಗರಲ್ಲಿ ಕೆಲವರ ಮನೆಯಲ್ಲೂ ಇರಬಹುದು.

ಇದು ನಮ್ಮ ನಾಡಿನ ಆಮೆಯಲ್ಲ. ರೆಡ್ ಇಯರ್ಡ್ ಸ್ಲೈಡರ್ ಎಂದು ಹೆಸರು, ತವರು ಅಮೆರಿಕದ ಮಿಸಿಸಿಪ್ಪಿ ನದಿಯ ಸೀಮೆ. ಹೆಣ್ಣಾದರೆ ಚಿಪ್ಪು ಹತ್ತು ಇಂಚು, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ಬೆಳೆಯುತ್ತದೆ. ಗಂಡು ಸ್ವಲ್ಪ ಚಿಕ್ಕದು. ಚೆನ್ನಾಗಿ ನೋಡಿಕೊಂಡರೆ ಮೂವತ್ತು ವರ್ಷ ಬದುಕಬಲ್ಲದು. ಚಿಪ್ಪಿನ ಒಂದೊಂದು ಇಂಚಿಗೂ ಹತ್ತು ಗ್ಯಾಲನ್, ಎಂದರೆ ಸುಮಾರು 38 ಲೀಟರ್ ನೀರು ಬೇಕೆಂಬುದು ಸಾಕುವವರ ನಡುವೆ ಬಳಕೆಯಲ್ಲಿರುವ ಲೆಕ್ಕ. ಈಗಿನ ನಾಲ್ಕು ಇಂಚಿಗೆ 150 ಲೀಟರ್, ನಾಳಿನ ಹತ್ತು ಇಂಚಿಗೆ 380 ಲೀಟರ್. ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ತೊಟ್ಟಿಗೆ ಮೇಲೆ ನಾಲ್ಕು ಇಂಚು ಬಿಟ್ಟು ನೀರು ತುಂಬಿದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಲೀಟರಿಗೊಂದು ಕಿಲೋ ಹಿಡಿದರೆ, ಗಾಜೂ ಕಲ್ಲೂ ಸೇರಿ ನಾಲ್ಕೂವರೆ ಕ್ವಿಂಟಲ್ ದಾಟುತ್ತದೆ. ಟೀವಿ ಇಡುವ ಮೇಜು ಇದನ್ನು ಹೊರಲಾರದು.

ನೀರೊಂದಿದ್ದರೆ ಮುಗಿಯಲಿಲ್ಲ. ಅದು ಪೂರ್ತಿ ನೀರಿನಿಂದ ಮೇಲೆ ಬಂದು ಮೈ ಒಣಗಿಸಿಕೊಳ್ಳಲು ಒಂದು ಒಣಜಾಗ ಬೇಕು, ಅದರ ಮೇಲೆ ಬಿಸಿ ಕೊಡುವ ಬಲ್ಬು ಬೇಕು. ಜೊತೆಗೆ ನೇರಳಾತೀತ ಕಿರಣದ ದೀಪವೂ ಬೇಕು. ಆ ಕಿರಣವಿಲ್ಲದೆ ಮೈಯಲ್ಲಿ ಡಿ ಜೀವಸತ್ವ ಆಗುವುದಿಲ್ಲ, ಅದಿಲ್ಲದೆ ಸುಣ್ಣದ ಅಂಶ ಹತ್ತುವುದಿಲ್ಲ, ಚಿಪ್ಪು ಮೆತ್ತಗಾಗುತ್ತದೆ. ಕಿಟಕಿಯ ಗಾಜಿನೊಳಗಿಂದ ಬರುವ ಬಿಸಿಲು ಈ ಕೆಲಸಕ್ಕೆ ಬಾರದು; ಗಾಜು ಆ ಕಿರಣವನ್ನು ತಡೆಯುತ್ತದೆ. ದೀಪ ಉರಿಯುತ್ತಿದ್ದರೂ ಕಿರಣ ಕುಂದುವುದರಿಂದ ಆರು ತಿಂಗಳಿಗೋ ವರ್ಷಕ್ಕೋ ಬದಲಿಸಬೇಕು. ಆಮೆ ಮೀನಿಗಿಂತ ಬಹಳ ಹೊಲಸು ಮಾಡುವುದರಿಂದ ಫಿಲ್ಟರ್ ತೊಟ್ಟಿಯ ಅಳತೆಗಿಂತ ಎರಡು ಮೂರು ಪಟ್ಟು ದೊಡ್ಡದಿರಬೇಕು. ಅಷ್ಟಾದರೂ ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸುವುದು ತಪ್ಪದು. ನೀರಿನ ಬಿಸಿ 24ರಿಂದ 27 ಡಿಗ್ರಿ ಇರಬೇಕು. ಹಾಸನದ ಡಿಸೆಂಬರಿಗೆ ಹೀಟರ್ ಹಾಕಬೇಕಾದೀತು. ನುಂಗಿಬಿಡುವಷ್ಟು ಸಣ್ಣ ಕಲ್ಲು ತಳದಲ್ಲಿರಬಾರದು. ಹತ್ತಿ ಹೊರಗೆ ಬೀಳದಂತೆ ಮೇಲೊಂದು ಜಾಲರಿ ಬೇಕು. ಆಮೆ ಮುಟ್ಟಿದ ಮಕ್ಕಳು ಸೋಪು ಹಾಕಿ ಕೈ ತೊಳೆಯಲೇಬೇಕು. ಸಾಲ್ಮೊನೆಲ್ಲಾ ಎಂಬ ರೋಗಾಣು ಆರೋಗ್ಯವಾಗಿರುವ ಆಮೆಯ ಮೈಮೇಲೂ ಇರುತ್ತದೆ. ಅದಕ್ಕೆಂದೇ ಅಮೆರಿಕದಲ್ಲಿ 1975ರಿಂದ ನಾಲ್ಕು ಇಂಚಿಗಿಂತ ಚಿಕ್ಕ ಆಮೆಗಳ ಮಾರಾಟವನ್ನು ನಿಷೇಧಿಸಿದ್ದಾರೆ.

ಪಟ್ಟಿ ಕೇಳಿ ತಂಗಿ ಸುಮ್ಮನಾದಳು. ಆಮೇಲೆ, “ವಾರವಾರ ನೀರು ಹೊತ್ತು ಹಾಕುವವಳು ನಾನೇ ತಾನೇ?” ಎಂದಳು. ನಿಜ. ಆಮೆ ಬೇಕೆಂದು ಅತ್ತವನು ಮಗ, ತಂದುಕೊಟ್ಟವರು ಗಂಡ, ಟಬ್ಬು ತಿಕ್ಕುವವಳು ಇವಳು. ನಮ್ಮ ಮನೆಗಳಲ್ಲಿ ಒಬ್ಬರ ಪ್ರೀತಿ ಇನ್ನೊಬ್ಬರ ಚಾಕರಿಯಾಗುವುದು ಹೊಸದೇನಲ್ಲ. “ಮನುಷ್ಯರೇ ಒಂದು ಕೋಣೆಯಲ್ಲಿ ಆರು ಜನ ಮಲಗುತ್ತಾರೆ. ಆಮೆಗೆ ಇಷ್ಟೊಂದು ವೈಭೋಗವೇ? ಊರ ಕೆರೆಗೆ ಬಿಟ್ಟುಬಂದರೆ ಅದಕ್ಕೂ ಸುಖ, ನಮಗೂ ಸುಖ” ಎಂದಳು.

ಈ ಎರಡು ಮಾತನ್ನೂ ತಳ್ಳಿಹಾಕುವಂತಿರಲಿಲ್ಲ.

ಕೆರೆಯ ಮಾತು ಮೊದಲು. ಕೇಳಲು ಪುಣ್ಯದ ಕೆಲಸದಂತಿದೆ. ಆದರೆ ಈ ಜಾತಿ ಹೋದ ಕಡೆಯೆಲ್ಲ ಅಲ್ಲಿಯ ಆಮೆಗಳ ಆಹಾರಕ್ಕೂ ಬಿಸಿಲು ಕಾಯುವ ಜಾಗಕ್ಕೂ ಪೈಪೋಟಿ ಮಾಡುತ್ತದೆ, ರೋಗವನ್ನೂ ತರಬಹುದು. ಜಗತ್ತಿನ ಅತಿ ಹಾನಿಕರ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರಿದೆ. ಯುರೋಪಿನ ದೇಶಗಳು 1997ರಲ್ಲೇ ಇದರ ಆಮದನ್ನು ನಿಲ್ಲಿಸಿದವು. ನಮ್ಮ ನಕ್ಷತ್ರ ಆಮೆಯನ್ನೋ ಕೆರೆ ಆಮೆಯನ್ನೋ ಮನೆಯಲ್ಲಿಟ್ಟುಕೊಂಡರೆ 1972ರ ವನ್ಯಜೀವಿ ಕಾಯಿದೆಯಂತೆ ಅಪರಾಧ. ಅವುಗಳನ್ನು ಕಾಯಿದೆ ಕಾಪಾಡುತ್ತಿರುವಾಗ, ಅವುಗಳ ಕೆರೆಗೆ ನಾವೇ ಇದನ್ನು ಬಿಡುವುದು ಯಾವ ನ್ಯಾಯ? ಒಂದು ಜೀವಕ್ಕೆ ದಯೆ ತೋರಿಸಿದೆನೆಂಬ ಸಮಾಧಾನಕ್ಕಾಗಿ ಕಣ್ಣಿಗೆ ಕಾಣದ ಹತ್ತು ಜೀವಗಳ ಜಾಗ ಕಿತ್ತುಕೊಂಡಂತಾಗುತ್ತದೆ. ಹೀಗಾಗಿ ಈ ಆಮೆಗೆ ತವರಿಗೆ ಹೋಗುವ ದಾರಿಯೂ ಇಲ್ಲ, ಕೆರೆಗೆ ಹೋಗುವ ದಾರಿಯೂ ಇಲ್ಲ.

ವೈಭೋಗದ ಮಾತು ಇದಕ್ಕಿಂತ ಕಷ್ಟದ್ದು. ನನ್ನ ತರಗತಿಯಲ್ಲೇ ಓದಲು ಒಂದು ಮೂಲೆಯಿಲ್ಲದ ಮಕ್ಕಳಿದ್ದಾರೆ. ಅವರ ಮುಖ ನೆನಪಾದರೆ 380 ಲೀಟರಿನ ಗಾಜಿನ ತೊಟ್ಟಿ ನಾಚಿಕೆಯ ವಸ್ತುವಾಗಿಯೇ ಕಾಣುತ್ತದೆ. ಆಮೆ ದೊಡ್ಡದೋ ಮಗು ದೊಡ್ಡದೋ ಎಂದು ಕೇಳಿದರೆ ನನ್ನ ಉತ್ತರದಲ್ಲಿ ಅನುಮಾನವಿಲ್ಲ. ಆದರೆ ನಾವು ಯಾರಿಗೆ ಏನು ಕೊಡಬೇಕೆಂಬುದು ಯಾರು ದೊಡ್ಡವರೆಂಬುದರಿಂದ ಮಾತ್ರ ತೀರ್ಮಾನವಾಗುವುದಿಲ್ಲ. ಕೆರೆಯಲ್ಲಿರುವ ಆಮೆಗೆ ತಂಗಿಯ ಮನೆಯವರು ಏನೂ ಕೊಡಬೇಕಾಗಿಲ್ಲ. ಅದು ತನ್ನ ಬಿಸಿಲನ್ನು ತಾನೇ ಹುಡುಕಿಕೊಳ್ಳುತ್ತದೆ, ಹೊಲಸಾದ ನೀರನ್ನು ಬಿಟ್ಟು ಆಚೆ ಈಜುತ್ತದೆ. ಟಬ್ಬಿನ ಆಮೆಗೆ ಈ ಎರಡೂ ಸಾಧ್ಯವಿಲ್ಲ. ಅದರ ದಾರಿಗಳನ್ನೆಲ್ಲ ಮುಚ್ಚಿದವರು ನಾವು. ಮುಚ್ಚಿದ ಒಂದೊಂದು ದಾರಿಗೂ ಬದಲು ಕೊಡಬೇಕಾದವರೂ ನಾವೇ. ಬಿಸಿಲಿಗೆ ದೀಪ, ಹರಿಯುವ ನೀರಿಗೆ ಫಿಲ್ಟರ್, ದಡಕ್ಕೆ ಒಂದು ಹಲಗೆ. ಇದನ್ನು ದಾನವೆನ್ನುವುದು ತಪ್ಪು, ಇದು ಸಾಲ ತೀರಿಸುವ ಕೆಲಸ. ಸಾಲ ಮಾಡದವರಿಗೆ ಈ ಖರ್ಚಿಲ್ಲ. ಆದ್ದರಿಂದಲೇ ಬಡವರ ಮಗುವನ್ನು ಮುಂದಿಟ್ಟು ಆಮೆಯನ್ನು ತರದಿರುವುದು ವಿವೇಕ. ತಂದಾದ ಮೇಲೆ ಅದೇ ಮಗುವನ್ನು ಮುಂದಿಟ್ಟು ಟಬ್ಬಿನಲ್ಲೇ ಬಿಡುವುದು ನೆಪ.

ಇನ್ನೊಂದು ಮಾತು ನನ್ನನ್ನು ಹೆಚ್ಚು ಕಾಡಿದೆ. “ತೊಟ್ಟಿಯಷ್ಟಕ್ಕೇ ಬೆಳೆಯುತ್ತದೆ” ಎಂದ ಅಂಗಡಿಯವನ ಮಾತು. ಇದು ಸುಳ್ಳು. ಇಕ್ಕಟ್ಟಿನಲ್ಲಿಟ್ಟ ಆಮೆ ಕುಗ್ಗಬಹುದು, ಚಿಪ್ಪು ಸೊಟ್ಟಗಾಗಬಹುದು, ಬೇಗ ಸಾಯಬಹುದು. ಅದನ್ನು ಹೊಂದಿಕೆ ಎನ್ನಲಾಗದು. ಆಮೆ ಅರಚುವುದಿಲ್ಲ, ಕಚ್ಚಿ ಹಟ ಮಾಡುವುದೂ ಕಡಿಮೆ. ಅದರ ಮೌನವನ್ನು ನಾವು ನೆಮ್ಮದಿ ಎಂದುಕೊಳ್ಳುತ್ತೇವೆ. “ಪಾಪ, ಎಷ್ಟು ಚೆನ್ನಾಗಿ ಹೊಂದಿಕೊಂಡಿದೆ!” ಎನ್ನುತ್ತೇವೆ. ಈ ಮಾತು ಕೇಳಿ ನನಗೆ ಹಳೆಯ ವಿದ್ಯಾರ್ಥಿನಿಯರ ನೆನಪಾಗುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ತೆಗೆದು, ಭಾಷಣ ಸ್ಪರ್ಧೆಯಲ್ಲಿ ಬಹುಮಾನ ಗೆದ್ದ ಹುಡುಗಿಯರು ಹತ್ತು ವರ್ಷದ ಮೇಲೆ ಸಂತೆಯಲ್ಲಿ ಸಿಗುತ್ತಾರೆ, ಸೆರಗು ಸರಿಮಾಡಿಕೊಂಡು ಕಡಿಮೆ ಮಾತಾಡುತ್ತಾರೆ. ಪಕ್ಕದಲ್ಲಿದ್ದ ಅತ್ತೆಯವರು ಹೆಮ್ಮೆಯಿಂದ, “ನಮ್ಮ ಮನೆಗೆ ತುಂಬಾ ಹೊಂದಿಕೊಂಡಿದಾಳೆ” ಎನ್ನುತ್ತಾರೆ. ಹೆಣ್ಣುಮಕ್ಕಳೂ ಆಮೆಗಳೂ ಒಂದೇ ಎಂದು ನಾನು ಹೇಳುತ್ತಿಲ್ಲ. ಹೆಣ್ಣಿಗೆ ಬಾಯಿದೆ, ಕಾಲಿದೆ. ಆದರೆ ದೂರು ಹೇಳದಿರುವುದನ್ನೇ ಸುಖವೆಂದು ಎಣಿಸುವ ನಮ್ಮ ಅಭ್ಯಾಸ ಮಾತ್ರ ಎರಡು ಕಡೆಯೂ ಒಂದೇ.

ತಾಯಿ ಆಮೆ ದೂರದಲ್ಲಿದ್ದೇ ನೆನೆದುಕೊಂಡು ಮರಿಗಳನ್ನು ಪೊರೆಯುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಪ್ರೀತಿಗೆ ಇದಕ್ಕಿಂತ ಒಳ್ಳೆಯ ಹೋಲಿಕೆಯಿಲ್ಲ ಎಂದು ನಾನೂ ಮಕ್ಕಳಿಗೆ ಹೇಳಿದ್ದೇನೆ. ನಿಜವಾದ ಆಮೆ ಮರಳಿನಲ್ಲೋ ಮಣ್ಣಿನಲ್ಲೋ ಮೊಟ್ಟೆ ಮುಚ್ಚಿ ಹೋದರೆ ತಿರುಗಿ ಬರುವುದಿಲ್ಲ. ಮರಿ ಹುಟ್ಟಿದ ಕ್ಷಣದಿಂದ ತನ್ನ ಪಾಡು ತಾನು ನೋಡಿಕೊಳ್ಳುತ್ತದೆ. ತಾಯಿಯೇ ಬೇಡದ ಜೀವ ಅದು. ಅಂಥದ್ದನ್ನು ತಂದು, ಪ್ರತಿ ದಿನಕ್ಕೂ ನಮ್ಮನ್ನೇ ನೆಚ್ಚಿಕೊಳ್ಳುವಂತೆ ಮಾಡಿ ಪ್ರೀತಿಯೆಂದು ಹೆಸರಿಟ್ಟಿದ್ದೇವೆ. ನೆನೆದು ಪೊರೆಯುವ ಶಕ್ತಿ ನಮಗಿಲ್ಲ. ನೀರು ಬದಲಿಸಿ, ದೀಪ ಬದಲಿಸಿಯೇ ಪೊರೆಯಬೇಕು.

ಕೊನೆಗೆ ತಂಗಿಯ ಮನೆಯಲ್ಲಿ ಎಲ್ಲರೂ ಕೂತು ತೀರ್ಮಾನಿಸಿದರು. ನಾಲ್ಕಡಿಯ ತೊಟ್ಟಿ, ಕಬ್ಬಿಣದ ಸ್ಟ್ಯಾಂಡಿನ ಮೇಲೆ, ನೆಲಮಹಡಿಯ ಗೋಡೆಯ ಪಕ್ಕ. ಭಾನುವಾರ ನೀರು ಬದಲಿಸುವುದು ಮಗನ ಕೆಲಸ, ದೀಪದ ಖರ್ಚು ಅವರಪ್ಪನದು. ಹುಡುಗ ಲೆಕ್ಕ ಹಾಕಿ, “ದೊಡ್ಡಮ್ಮ, ಇದಕ್ಕೆ ಮೂವತ್ತು ಆದಾಗ ನನಗೆ ನಲವತ್ತು!” ಎಂದು ನಕ್ಕ. ಅವನ ಅಮ್ಮ ನಗಲಿಲ್ಲ, ಆಗ ತನಗೆಷ್ಟಾಗಿರುತ್ತದೆಂದು ಎಣಿಸುತ್ತಿದ್ದಳು.

ಅಷ್ಟು ದೊಡ್ಡ ತೊಟ್ಟಿಯಾದರೂ ಅದು ನದಿಯಾಗುವುದಿಲ್ಲ, ನನಗೆ ಗೊತ್ತು. ತಂದದ್ದು ಸರಿಯೇ ಎಂಬ ಪ್ರಶ್ನೆಗೆ ಯಾವ ಅಳತೆಯ ಗಾಜೂ ಉತ್ತರ ಕೊಡಲಾರದು. ಆದರೆ ಅಂಗಡಿಯ ಮುಂದೆ ಮಗುವಿನ ಕೈ ಹಿಡಿದು ನಿಂತ ತಾಯಂದಿರಿಗೆ ನಾನು ಹೇಳುವುದು ಇಷ್ಟು: ಬೋಗುಣಿಯ ಬೆಲೆ ಕೇಳುವ ಮೊದಲು ಆ ಜೀವದ ವಯಸ್ಸು ಕೇಳಿ, ಅದರ ಪೂರ್ತಿ ಬೆಳೆದ ಅಳತೆ ಕೇಳಿ, ಮನೆಯಲ್ಲಿ ನೀರು ಹೊರುವವರು ಯಾರೆಂದು ಕೇಳಿ. ಮೂರಕ್ಕೂ ಉತ್ತರ ಸಿಗದಿದ್ದರೆ, ಅಲ್ಲಿಯೇ ‘ಸಾಕು’ ಎಂದು ಹೇಳಿ ಮನೆಗೆ ಬನ್ನಿ.